ಕಟಕಟೆ ಹತ್ತದ ಮಕ್ಕಳು

ಸಣ್ಣಪುಟ್ಟ ತಪ್ಪು ಮಾಡಿ ಸಿಕ್ಕಿಬಿದ್ದ ಹದಿನೆಂಟರೊಳಗಿನ ಮಕ್ಕಳನ್ನು ಕೋರ್ಟಿಗೆ ಅಲೆಸದೆ, ಬುದ್ಧಿ ಹೇಳಿ, ಮಾಡಿದ ತಪ್ಪನ್ನು ಅವರ ಕೈಯಲ್ಲೇ ಸರಿಮಾಡಿಸಿ ಮನೆಗೆ ಕಳಿಸುವ ಆಪ್ತಸಮಾಲೋಚಕಿ ನಾನು. ಗಂಭೀರವಾದ ಕೆಲಸ. ಆದರೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಎಲ್ಲಿ ಹೋದರೂ ಗಂಭೀರವಾಗಿರಲು ಜನ ಬಿಟ್ಟರೆ ತಾನೆ!

ರಜಾ ಅರ್ಜಿ

ಗುರುಪುರದ ಕಡೆಯ ಹುಡುಗನೊಬ್ಬ ಪಕ್ಕದ ಮನೆ ಗೌಡರ ಟ್ರ್ಯಾಕ್ಟರನ್ನು ಕೇಳದೆ ಓಡಿಸಿ, ಅವರದೇ ಹೊಲದ ಬೇಲಿ ಕೆಡವಿದ್ದ. "ಕ್ಷಮೆ ಕೇಳಿ ಪತ್ರ ಬರಿ, ಬೇಲಿ ನೀನೇ ಕಟ್ಟಿಕೊಡು" ಅಂದೆ. ಅವನಿಗೆ ಗೊತ್ತಿದ್ದದ್ದು ಒಂದೇ ಥರದ ಪತ್ರ. 'ಮಾನ್ಯರೇ, ನಾನು ತಮ್ಮ ಬೇಲಿ ಕೆಡವಿರುವುದರಿಂದ ದಯವಿಟ್ಟು ಎರಡು ದಿನ ರಜೆ ನೀಡಬೇಕಾಗಿ ವಿನಂತಿ.'

ಗೌಡರು ಎರಡು ಸಲ ಓದಿ ಕನ್ನಡಕ ತೆಗೆದರು. "ರಜ ಗಿಜ ಇಲ್ಲ ಕಣ್ಲಾ, ನಾಳೆ ಆರು ಗಂಟ್ಗೆ ಡ್ಯೂಟಿಗೆ ಬಾ."

ಅಪ್ಪನ ಆಣೆ

ಪಿರಿಯಾಪಟ್ಟಣದಲ್ಲಿ ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಿ ಸಿಕ್ಕಿಬಿದ್ದವನ ಅಪ್ಪನಿಗೆ ಒಂದು ಗಂಟೆ ತಿಳಿಹೇಳಿದೆ. ಆತ ಕಣ್ಣೊರೆಸಿಕೊಂಡು, "ಮನೆದೇವ್ರಾಣೆ ಮೇಡಂ, ಇನ್ಮೇಲೆ ಕೀ ಇವನ ಕೈಗೆ ಕೊಡಾಕಿಲ್ಲ" ಅಂದ.

ಆಚೆ ಬಂದು ನೋಡುತ್ತೇನೆ, ಬೈಕಿನ ಹಿಂದಿನ ಸೀಟಿನಲ್ಲಿ ಅಪ್ಪ ಕೂತಿದ್ದಾನೆ, ಮುಂದೆ ಮಗ! ಗದರಿದೆ.

"ನಂಗೆ ಗಾಡಿ ಓಡ್ಸಾಕೆ ಬರಾಕಿಲ್ಲ ಮೇಡಂ. ಆಣೆ ನಾಳೆಯಿಂದ ಲೆಕ್ಕ ಇಟ್ಕಳಿ."

ಇಬ್ಬರನ್ನೂ ಬಸ್ ಹತ್ತಿಸಿದೆ.

ಹಲಸಿನ ಹಣ್ಣು

ಎನ್. ಬೇಗೂರಿನ ಕಡೆ ಪಿಯುಸಿ ಹುಡುಗಿಯೊಬ್ಬಳು ಗೆಳತಿಯರ ಜೊತೆ ಪಂಥ ಕಟ್ಟಿ, ಜಗಳಗಂಟಿ ಅಜ್ಜಿಯೊಬ್ಬರ ಮರ ಹತ್ತಿ ಹಲಸಿನ ಹಣ್ಣು ಕದ್ದಳು. ಅಜ್ಜಿ ನೇರ ಸ್ಟೇಷನ್‌ಗೆ ಬಂದು, "ಕೋರ್ಟಿಗೇ ಆಕಿ" ಎಂದು ಪಟ್ಟು ಹಿಡಿದರು. ಹುಡುಗಿಗೆ ನರ್ಸ್ ಆಗುವ ಆಸೆ. ಕೇಸಾದರೆ ಎಲ್ಲಾ ಮುಗಿಯಿತು ಎಂದು ಬಿಕ್ಕಿಬಿಕ್ಕಿ ಅತ್ತಳು. ಕೊನೆಗೆ, ಕಾಲೇಜು ಮುಗಿಸಿ ಬಂದು ಹತ್ತು ದಿನ ಅಜ್ಜಿಗೆ ಕೆಲಸ ಮಾಡಿಕೊಡಲಿ ಎಂದು ಇಬ್ಬರನ್ನೂ ಒಪ್ಪಿಸಿದೆ.

ಮೊದಲ ದಿನ ಅಜ್ಜಿ ಅವಳಿಗೆ ಕುಡಿಯಲು ನೀರೂ ಕೊಡಲಿಲ್ಲವಂತೆ. ಹುಡುಗಿ ಸುಮ್ಮನೆ ಹಟ್ಟಿ ಗುಡಿಸಿದಳು. ಅಜ್ಜಿಯ ಕಾಲಿನ ಹುಣ್ಣು ನೋಡಿ ದಿನಾ ತೊಳೆದು ಮುಲಾಮು ಹಚ್ಚಿದಳು. ಹುಣ್ಣು ಮಾಯಿತು.

ಹನ್ನೊಂದನೇ ದಿನ ಅಜ್ಜಿ ಮತ್ತೆ ಸ್ಟೇಷನ್‌ನಲ್ಲಿ ಹಾಜರ್, ಕಂಕುಳಲ್ಲಿ ಒಂದು ಕೋಳಿ.

"ಆ ಉಡುಗಿ ನನ್ ಕೋಳಿ ಕದ್ದವ್ಳೆ, ಬರ್ಕಳವ್ವ! ಅಲಸಿನಣ್ಣಿಗೇ ಅತ್ತು ದಿನ ಆಕಿದ್ರಿ. ಕೋಳಿಗೆ ಒಂದು ತಿಂಗ್ಳಾದ್ರೂ ಆಕಿ."

"ಕೋಳಿ ನಿಮ್ಮ ಕಂಕುಳಲ್ಲೇ ಇದೆಯಲ್ಲಜ್ಜಿ?"

ಅಜ್ಜಿ ಒಂದು ಗಳಿಗೆಯೂ ತಡವರಿಸಲಿಲ್ಲ.

"ಇನ್ನೇನ್ ಮಾಡ್ಲವ್ವ? ಎಷ್ಟ್ ಏಳುದ್ರೂ ಕದಿಯಾಕಿಲ್ಲ ಅಂತಾಳೆ!"