ಹೇಳಿದ್ದನ್ನು ಹೇಳಿದ ಹಾಗೆ

ನನ್ನ ಮಾತನ್ನು ಯಾರಾದರೂ ತಿದ್ದಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈದರೆ ಸಹಿಸಿಕೊಂಡೇನು, ಕಿವಿಗೇ ಹಾಕಿಕೊಳ್ಳದಿದ್ದರೆ ಹಾಳಾಗಿಹೋಗಲಿ ಎಂದು ಬಿಟ್ಟೇನು. ಆದರೆ ನಾನು ಹೇಳಿದ್ದನ್ನು ಪೂರ್ತಿ ಕೇಳಿ, ತಲೆಯಾಡಿಸಿ, ಆಮೇಲೆ ಇದಕ್ಕಿಂತ ಅದು ಚೆನ್ನಾಗಿರುತ್ತದೆ ಎಂದು ಬೇರೆಯದನ್ನೇ ಮಾಡಿ ಬರುವವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ತಿಳಿದೇ ದೇವರು ನನ್ನನ್ನು ಹೊಸಪೇಟೆಯ ಈ ಮನೆಗೆ ಸೊಸೆಯಾಗಿ ಕಳಿಸಿದ ಎಂದು ಕಾಣುತ್ತದೆ. ನಮ್ಮತ್ತೆ ಪಾರ್ವತಮ್ಮನವರು ಹೇಳಿದ ಕೆಲಸಕ್ಕೆ ಒಲ್ಲೆ ಎಂದವರೇ ಅಲ್ಲ, ಹೇಳಿದ ಹಾಗೆ ಮಾಡಿದವರೂ ಅಲ್ಲ. ಒಮ್ಮೆ ಅಳತೆಯ ರವಿಕೆ ಕೊಟ್ಟು, ಇದರಂತೆಯೇ ಹೊಲಿಯಲು ಟೇಲರಿಗೆ ಹೇಳಿ ಬನ್ನಿ ಎಂದು ಕಳಿಸಿದ್ದೆ. ಹೊಲಿದು ಬಂದ ರವಿಕೆಯ ತೋಳು ಮೊಣಕೈ ದಾಟಿತ್ತು. ಕೇಳಿದರೆ, "ಸಂಡೂರಾಗ ಮದುವಿ ಅಲ್ಲೇನು? ಅಲ್ಲಿ ಗುಡ್ಡದ ಗಾಳಿ ಭಾಳ ತಣ್ಣಗಿರ್ತೈತಿ. ತೋಳು ಉದ್ದ ಇಡಪಾ ಅಂತ ನಾನ ಹೇಳಿ ಬಂದೀನಿ" ಎಂದರು. ಮದುವೆ ಇದ್ದದ್ದು ಸುಡು ಬೇಸಗೆಯಲ್ಲಿ. ಕಲ್ಯಾಣಮಂಟಪದ ಫ್ಯಾನಿನ ಕೆಳಗೆ ಕೂತು ಬೆವರೊರೆಸಿಕೊಂಡದ್ದನ್ನು ನಾನು ಇನ್ನೂ ಮರೆತಿಲ್ಲ.

ಮನೆಯಲ್ಲಿ ಒಬ್ಬರಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಕೆಲಸದಲ್ಲೂ ಅಂಥದ್ದೇ ಒಂದು ನನಗೆ ಗಂಟುಬಿದ್ದಿದೆ. ನಾನು ಊಟದ ಮೇಜಿನ ಒಂದು ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಕ್ಕಿ ಗಿರಣಿಗಳಿಗೆ, ಪಂಪ್‌ಸೆಟ್ಟುಗಳಿಗೆ ಕಂಟ್ರೋಲ್ ಬೋರ್ಡು ಮಾಡಿಕೊಡುವವಳು. ಬೋರ್ಡಿನಲ್ಲಿರುವ ಪ್ರೊಸೆಸರಿಗೆ ಚಿಕ್ಕಚಿಕ್ಕ ಆದೇಶಗಳನ್ನು ಬರೆಯುತ್ತೇನೆ. ಅವನ್ನು ಆ ಚಿಪ್ಪಿಗೆ ತಿಳಿಯುವ ಅಂಕಿಗಳಾಗಿ ಬದಲಿಸಿ ಕೊಡುವ ಪ್ರೋಗ್ರಾಮಿಗೆ ಅಸೆಂಬ್ಲರ್ ಎನ್ನುತ್ತಾರೆ. ನಾನು ಬಳಸುವ ಪ್ರೊಸೆಸರ್ ಬೆಳೆಸಿಕೊಳ್ಳಬಹುದಾದ ಜಾತಿಯದು. ಮೂಲದಲ್ಲಿದ್ದ ಆದೇಶಗಳು ಸಾಲದೆಂದರೆ ಚಿಪ್ ಮಾಡುವವರು ತಮಗೆ ಬೇಕಾದ ಹೊಸದನ್ನು ಕೂಡಿಸಿಕೊಳ್ಳುತ್ತಾರೆ. ನಮ್ಮ ಮನೆಯೂ ಹೀಗೆಯೇ ಬೆಳೆದದ್ದು. ಒಬ್ಬರು ಪಡಸಾಲೆ ಕಟ್ಟಿಸಿದರು, ಇನ್ನೊಬ್ಬರು ಹಿಂದೆ ಅಡುಗೆಮನೆ ಎಳೆದರು, ನನ್ನ ಗಂಡ ಮೇಲೊಂದು ಕೋಣೆ ಏರಿಸಿದರು. ಈಗ ಯಾವ ಸ್ವಿಚ್ಚಿಗೆ ಯಾವ ದೀಪ ಹತ್ತುತ್ತದೆಂದು ಅವರಿಗೂ ಗೊತ್ತಿಲ್ಲ. ಇಂಥ ಚಿಪ್ಪಿನ ಅಸೆಂಬ್ಲರಿಗೆ ಅದಕ್ಕೆಂದೇ ಮೀಸಲಾದ ಆಯ್ಕೆಗಳು, ನಿರ್ದೇಶನಗಳು ರಾಶಿ ಇವೆ. ಸಾಲದ್ದಕ್ಕೆ ಅದು ವಿಪರೀತ ಬುದ್ಧಿವಂತ. ನಾವು ಬರೆದ ಆದೇಶ ಗುರಿ ಮುಟ್ಟುವಂತಿಲ್ಲ ಎಂದು ಕಂಡರೆ ನಮ್ಮನ್ನು ಕೇಳದೆ, ಸದ್ದಿಲ್ಲದೆ ಅದನ್ನು ತಿದ್ದಿ ಒಂದರ ಬದಲು ಎರಡು ಬರೆದುಬಿಡುತ್ತದೆ. ಬೇಡವೆಂದರೆ 'ಬದಲಿಸಬೇಡ' ಎಂಬ ನಿರ್ದೇಶನವನ್ನು ನಾವೇ ಕೊಡಬೇಕು. ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ನಾನೂ ಕೊಟ್ಟಿರಲಿಲ್ಲ.

ಕಂಪ್ಲಿಯಲ್ಲಿ ನಮ್ಮತ್ತೆಯ ತಮ್ಮ ಚನ್ನಬಸಪ್ಪನವರ ಗಿರಣಿ ಇದೆ. ನನ್ನ ಗಂಡನಿಗೆ ಸೋದರಮಾವ, ನನಗೂ ಮಾವಾರೇ. ಹಸಿ ಭತ್ತವನ್ನು ಬಿಸಿಗಾಳಿಯಲ್ಲಿ ಒಣಗಿಸುವ ಡ್ರೈಯರ್ ಹಾಕಿಸಿದರು, ಅದರ ಬೋರ್ಡಿನ ಕೆಲಸ ನನಗೆ ಕೊಟ್ಟರು. ಗಾಳಿ ಕಾಯಿಸುವ ಒಲೆಗೆ ಉರುವಲಾಗಿ ಭತ್ತದ ಹೊಟ್ಟು ಬೀಳಿಸುವ ಮೋಟಾರು ನನ್ನ ಬೋರ್ಡಿನ ಕೈಯಲ್ಲಿ. ಶಾಖ ಏರಿದರೆ ಅದು ಹೊಟ್ಟು ನಿಲ್ಲಿಸಬೇಕು, ಇಳಿದರೆ ಬೀಳಿಸಬೇಕು, ಅಷ್ಟೇ. ಅಷ್ಟೇ ಎಂದೆನಲ್ಲ, ಶಾಖ ಮಿತಿ ಮೀರಿದರೆ ಕಾಳು ಒಳಗೇ ಬಿರುಕು ಬಿಟ್ಟು, ಗಿರಣಿಗೆ ಹಾಕಿದಾಗ ಅಕ್ಕಿಯೆಲ್ಲ ನುಚ್ಚಾಗುತ್ತದೆ. ಬೋರ್ಡು ಸಿದ್ಧವಾಗಿ, ಪರೀಕ್ಷೆಯೂ ಮುಗಿದ ಮೇಲೆ ಮಾವಾರು ಫೋನು ಮಾಡಿ, "ಸುಮಾ, ಮಿಷಿನ್ ಚಾಲೂ ಆದ ಕೂಡ್ಲೆ ದೇವ್ರ ಹೆಸ್ರು ಬರ್ಬೇಕವ್ವಾ. ಶ್ರೀ ಬಸವೇಶ್ವರ ಪ್ರಸನ್ನ ಅಂತ. ಆಮ್ಯಾಲ ನೀ ಏನರ ತೋರ್ಸು" ಎಂದರು. ಅವರ ಲಾರಿಯ ಮೇಲೆ, ಚೀಲದ ಮೇಲೆ, ರಸೀದಿಯ ಮೇಲೆ ಎಲ್ಲ ಕಡೆ ಅದು ಇದ್ದದ್ದೇ. ನಾಲ್ಕು ಸಾಲಿನ ಕೆಲಸ ಎಂದುಕೊಂಡು ಎಲ್ಲಿ ಜಾಗ ಕಂಡಿತೋ ಅಲ್ಲಿ ಸೇರಿಸಿದೆ. ಮೇಜಿನ ಮೇಲೆ ಇನ್ನೊಮ್ಮೆ ನಡೆಸಿ ನೋಡಿದೆ. ದೇವರ ಹೆಸರೂ ಬಂತು, ಶಾಖದ ಅಂಕಿಯೂ ಬಂತು. ಕೊಟ್ಟು ಕಳಿಸಿದೆ.

ಮೊದಲ ದಿನವೇ ಡ್ರೈಯರಿಗೆ ಬಿದ್ದದ್ದು ಪಕ್ಕದ ಊರು ಮೆಟ್ರಿಯ ಹುಲುಗಪ್ಪನ ಭತ್ತ. ಹುಲುಗಪ್ಪ ಮಾವಾರ ಹಳೆಯ ಸ್ನೇಹಿತ, ಮಗಳ ಮದುವೆ ಇಟ್ಟುಕೊಂಡಿದ್ದ. ಮದುವೆಯ ಊಟಕ್ಕೆ ತನ್ನ ಹೊಲದ ಅಕ್ಕಿಯೇ ಆಗಬೇಕೆಂದು ಕೊಯ್ಲಿನ ಹಸಿ ಭತ್ತವನ್ನೇ ತಂದು ಸುರಿದಿದ್ದ. ಬೆಳಗಿನ ಹೊತ್ತು. ನನ್ನ ಗಂಡ ಸಂಡೂರಿನ ಗಣಿ ಕಚೇರಿಗೆ ಹೊರಟುಹೋಗಿದ್ದರು. ನಾನು ಇನ್ನೊಂದು ಬೋರ್ಡಿಗೆ ಬೆಸುಗೆ ಹಾಕುತ್ತಾ ಎರಡೂ ಕೈಯಲ್ಲಿ ಸಾಮಾನು ಹಿಡಿದು ಕೂತಿದ್ದೆ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಅತ್ತೆ ಎತ್ತಿಕೊಂಡು ಅಲ್ಲಿಂದಲೇ ಕೂಗಿದರು: "ಏ ಸುಮಾ, ನನ್ ತಮ್ಮ ಮಾತಾಡಾಕತ್ಯಾನ. ಶಾಖದ ಅಂಕಿ ಬಂದಲ್ಲೇ ನಿಂತೈತಂತ. ಅಲ್ಲಾಡವಲ್ದಂತ. ಹೊಟ್ಟು ಮಾತ್ರ ಬೀಳಾಕ ಹತ್ತೈತಂತ. ಏನ್ ಮಾಡ್ಲಿ ಅಂತಾನ."

ನನಗೆ ಗಾಬರಿಯಾಯಿತು. ಆದರೆ ಗಾಬರಿಯಾದಾಗಲೂ ನನ್ನ ಜಂಬ ಎಚ್ಚರವಾಗಿಯೇ ಇರುತ್ತದೆ. ಕೆಟ್ಟಿದ್ದರೆ ಅಂಕಿ ತೋರಿಸುವ ಡಿಸ್ಪ್ಲೇ ಕೆಟ್ಟಿರಬೇಕು, ನನ್ನ ಬರಹ ಕೆಡುವಂಥದ್ದಲ್ಲ ಎಂದುಕೊಂಡೆ. ಈಗ ಬಂದ್ ಮಾಡಿದರೆ ತಪ್ಪು ಎಲ್ಲಿದೆಯೆಂಬ ಗುರುತೇ ಅಳಿಸಿಹೋಗುತ್ತದೆ. "ಅತ್ತೀ, ಏನೂ ಮುಟ್ಟಬ್ಯಾಡ್ರಿ ಅಂತ ಹೇಳ್ರಿ. ಹೆಂಗೈತೋ ಹಂಗ ನಡೀಲಿ. ನಾನು ನೋಡಿ ಹೇಳ್ತೀನಿ" ಎಂದು ಒದರಿದೆ.

ಅತ್ತೆ ಫೋನಿನಲ್ಲಿ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. "ಲೇ ತಮ್ಮಾ, ಸುಮಾ ಹೇಳಾಕತ್ತಾಳ ನೋಡು, ಮೊದ್ಲು ಹೊಟ್ಟು ನಿಲ್ಸು. ಒಲಿ ಬಾಯಿ ಮುಚ್ಚು. ಬರೇ ತಣ್ಣನ ಗಾಳಿ ಬಿಡು. ಜಲ್ದಿ ಮಾಡು!"

ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕುಕ್ಕಿ ಎದ್ದೆ. "ಅತ್ತೀ, ನಾ ಹೇಳಿದ್ದೇನು, ನೀವು ಹೇಳಿದ್ದೇನು?"

"ಅಂಕಿ ಇಲ್ದ ಬೆಂಕಿ ಹಚ್ಗೊಂಡು ಕುಂದರ್ತಾರೇನವ್ವಾ? ನಿನ್ ಬೋರ್ಡು ಆಮ್ಯಾಲ ನೋಡ್ಕೊಂಡ್ರಾತು. ಹುಲುಗಪ್ಪನ ಮನ್ಯಾಗ ಮದುವಿ ಐತಿ" ಎಂದು ಅವರು ಒಗ್ಗರಣೆಗೆ ಸಾಸಿವೆ ಹಾಕಿದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಒಬ್ಬರಾದರೂ ಈ ಲೋಕದಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಬಾರದೇ ಎಂದು ಗೊಣಗುತ್ತಾ ಕಂಪ್ಯೂಟರಿನ ಮುಂದೆ ಕೂತೆ.

ಅಸೆಂಬ್ಲರ್ ನಿಜವಾಗಿ ಏನು ಬರೆದಿದೆ ಎಂದು ತೋರಿಸುವ ಪಟ್ಟಿಯನ್ನು ತೆಗೆದು, ನಾನು ಬರೆದದ್ದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಿದೆ. ಶಾಖ ಅಳೆಯುವ ಸೆನ್ಸರ್ ಬಲು ಮುಂಗೋಪಿ. ಅದರೊಡನೆ ಮಾತಾಡುವಾಗ ಇಂತಿಷ್ಟೇ ಹೊತ್ತು ಕಾಯಬೇಕು, ಚೂರು ತಡವಾದರೂ ಅದು ಉತ್ತರ ಕೊಡುವುದಿಲ್ಲ. ಆ ಕಾಯುವಿಕೆಯ ಸುತ್ತಿನಲ್ಲಿ ನಾನು ಒಂದೇ ಒಂದು ಜಿಗಿತದ ಆದೇಶ, ಅಂದರೆ ಇಲ್ಲಿಂದ ಆ ಸಾಲಿಗೆ ಹಾರು ಎಂಬುದನ್ನು, ಬರೆದಿದ್ದೆ. ಅದು ಹತ್ತಿರದ ಜಾಗಕ್ಕೆ ಮಾತ್ರ ಜಿಗಿಯಬಲ್ಲದು. ಪಟ್ಟಿಯಲ್ಲಿ ನೋಡಿದರೆ ಅಲ್ಲಿ ಒಂದಿಲ್ಲ, ಎರಡಿವೆ! ಜಿಗಿಯುವ ದಾರಿಯ ನಟ್ಟನಡುವೆ ಶ್ರೀ ಬಸವೇಶ್ವರ ಪ್ರಸನ್ನ ಕೂತಿದ್ದಾನೆ. ದೂರ ಹೆಚ್ಚಾಯಿತು, ಜಿಗಿತ ಮುಟ್ಟಲಿಲ್ಲ, ಅಸೆಂಬ್ಲರಮ್ಮ ಪಾಪ ಒಳ್ಳೆಯದಾಗಲಿ ಎಂದು ಇನ್ನೊಂದು ಜಿಗಿತ ಕೂಡಿಸಿ ಮುಟ್ಟಿಸಿದ್ದಾಳೆ. ಪ್ರತಿ ಸುತ್ತಿಗೂ ಒಂದಿಷ್ಟು ತಡ. ನನ್ನ ಮೇಜಿನ ಮೇಲೆ ಸೆನ್ಸರಿಗಿದ್ದ ಗಿಡ್ಡ ತಂತಿಯಲ್ಲಿ ಹೇಗೋ ನಡೆದುಹೋಗಿತ್ತು, ಗಿರಣಿಯ ಉದ್ದ ತಂತಿಯಲ್ಲಿ ಸ್ವಲ್ಪ ಹೊತ್ತು ನಡೆದು ಕೈಕೊಟ್ಟಿತು. ಸೆನ್ಸರ್ ಬಾಯಿ ಮುಚ್ಚಿದಾಗ ಹಳೆಯ ಅಂಕಿಯನ್ನೇ ನಂಬಿಕೊಂಡಿರು ಎಂದು ಬರೆದವಳು ಮಾತ್ರ ನಾನೇ. ಬೋರ್ಡು ಪಾಪ, ಶಾಖ ಇನ್ನೂ ಏರೇ ಇಲ್ಲ ಎಂದು ನಂಬಿ ಹೊಟ್ಟು ಸುರಿಯುತ್ತಲೇ ಇತ್ತು.

ಸಿಟ್ಟಿನ ಭರದಲ್ಲಿ ಇಡೀ ಕಡತಕ್ಕೇ 'ಏನನ್ನೂ ಬದಲಿಸಬೇಡ' ಎಂಬ ಆಯ್ಕೆ ಕೊಟ್ಟೆ. ಅಸೆಂಬ್ಲರ್ ತಿರುಗಿಬಿತ್ತು. ಈ ಅಂಕಿ ದೊಡ್ಡದಾಯಿತು, ಹಿಡಿಸುವುದಿಲ್ಲ. ಆ ಜಿಗಿತ ದೂರವಾಯಿತು, ಮುಟ್ಟುವುದಿಲ್ಲ ಎಂದು ಪರದೆಯ ತುಂಬ ದೂರು ಸುರಿಯಿತು. ಇಷ್ಟು ದಿನ ನನ್ನ ಎಷ್ಟು ಅರೆಬರೆ ಸಾಲುಗಳನ್ನು ಅದು ಬಾಯಿ ಬಿಡದೆ ತಿದ್ದಿಕೊಂಡು ಬಂದಿತ್ತೆಂದು ಆಗ ಗೊತ್ತಾಯಿತು. ನಾಚಿಕೆಯಾಯಿತು, ಆದರೆ ನಾಚಿಕೊಳ್ಳಲು ಪುರಸೊತ್ತಿರಲಿಲ್ಲ. ಆ ಆಯ್ಕೆ ತೆಗೆದೆ. ಕಾಯುವಿಕೆಯ ಸಾಲುಗಳಿಗೆ ಮಾತ್ರ ಮೇಲೊಂದು, ಕೆಳಗೊಂದು ನಿರ್ದೇಶನ ಹಾಕಿದೆ: ಇಲ್ಲಿಂದ ಬದಲಿಸಬೇಡ, ಇಲ್ಲಿಗೆ ಮುಗಿಯಿತು, ಮುಂದೆ ನಿನ್ನಿಷ್ಟ. ಸೆನ್ಸರ್ ಸುಮ್ಮನಾದರೆ ಹೊಟ್ಟು ನಿಲ್ಲಲಿ ಎಂದೂ ಬರೆದೆ. ಉಳಿದದ್ದು ದೇವರು. ಅವನನ್ನು ನಡುವಿನಿಂದ ಎಬ್ಬಿಸದೆ ಜಿಗಿತ ಮುಟ್ಟುವುದಿಲ್ಲ. ಅಳಿಸಿಬಿಡೋಣವೆಂದರೆ ಮಾವಾರಿಗೆ ಏನು ಹೇಳುವುದು? ನಿಮ್ಮ ದೇವರ ಹೆಸರಿನಿಂದಲೇ ಮಿಷಿನ್ ಕೆಟ್ಟಿತು ಎನ್ನಲೇ? ಅತ್ತೆ ಹಿಂದೆಯೇ ನಿಂತಿದ್ದರು. ತಡೆಯಲಾರದೆ ಹೇಳಿಕೊಂಡೆ. ಅವರು ಹಣೆ ಚಚ್ಚಿಕೊಂಡರು. "ಅಲ್ಲಬೇ, ದೇವ್ರ ಹೆಸ್ರು ಯಾರರ ನಡಕ ಬರೀತಾರೇನು? ಮದುವಿ ಕಾರ್ಡು ನೋಡಿಲ್ಲೇನು ನೀನು? ಎಲ್ಲಾಕ್ಕಿಂತ ಮ್ಯಾಲ ಬರೀಬೇಕು!" ಬರೆದೆ. ಕಡತದ ತುತ್ತತುದಿಗೆ. ಜಿಗಿತ ಮುಟ್ಟಿತು, ದೂರು ಒಂದೂ ಬರಲಿಲ್ಲ. ಅತ್ತೆಯ ಮುಖ ನೋಡದೆ ಲ್ಯಾಪ್‌ಟಾಪು ಚೀಲಕ್ಕೆ ತುಂಬಿದೆ.

ಕಂಪ್ಲಿಯ ಬಸ್ಸಿನಲ್ಲಿ ಅತ್ತೆಯೂ ಬಂದರು, ಬೇಡವೆಂದರೂ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಅಕ್ಕಿ ನುಚ್ಚಾಗಿದ್ದರೆ? ಮದುವೆಯ ಪಂಕ್ತಿಯಲ್ಲಿ ಎಲೆಯ ಮೇಲೆ ನುಚ್ಚು ಬಿದ್ದರೆ, ಹುಲುಗಪ್ಪ ಬೀಗರಿಗೆ ಏನು ಹೇಳುತ್ತಾನೆ? ಬಸ್ಸು ಹಾದಿಗುಂಟ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಿತ್ತು. ಹತ್ತಿದವರೆಲ್ಲ ಹೊಸ ಅಕ್ಕಿಯ ಮಾತನ್ನೇ ಆಡುತ್ತಿದ್ದಾರೆಂದು ನನಗೆ ಅನಿಸುತ್ತಿತ್ತು. ಅತ್ತೆ ನನ್ನ ಮೊಣಕೈ ತಿವಿದು ಒಂದು ಪೇಪರ್‌ಮಿಂಟು ಕೊಟ್ಟರು. ನಾನು ನೀರು ಕೇಳಿದ್ದೆ.

ಗಿರಣಿಯಲ್ಲಿ ಹುಲುಗಪ್ಪ ಡ್ರೈಯರಿನ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು, ಪಕ್ಕಕ್ಕೆ ಸರಿದು ಬೋರ್ಡಿಗೆ ದಾರಿ ಬಿಟ್ಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೋರ್ಡಿಗೆ ಹೊಸ ಪ್ರೋಗ್ರಾಂ ತುಂಬಿದೆ. ಶ್ರೀ ಬಸವೇಶ್ವರ ಪ್ರಸನ್ನ ಎಂದು ಬಂತು. ಆಮೇಲೆ ಅಂಕಿ ಬಂತು, ಅಲ್ಲಾಡಿತು, ಇಳಿಯತೊಡಗಿತು. ಮಾವಾರು ಡ್ರೈಯರಿನಿಂದ ಒಂದು ಹಿಡಿ ಭತ್ತ ತೆಗೆದು ಪರೀಕ್ಷೆಯ ಚಿಕ್ಕ ಮಿಷಿನ್ನಿಗೆ ಹಾಕಿದರು. ಹೊರಬಂದ ಅಕ್ಕಿಯನ್ನು ಅಂಗೈಯಲ್ಲಿ ಹರವಿ, ಕಿಟಕಿಯ ಬೆಳಕಿಗೆ ಹಿಡಿದರು. ನಾವೆಲ್ಲ ಅವರ ಅಂಗೈಯನ್ನೇ ನೋಡುತ್ತಿದ್ದೆವು. ಕಾಳುಗಳು ಉದ್ದುದ್ದಕ್ಕೆ, ಇಡಿಯಾಗಿ ಬಿದ್ದಿದ್ದವು.

"ಇನ್ನೊಂಚೂರು ತಡ ಆಗಿದ್ರ ನೆಲ್ಲು ಪೂರಾ ಹೋಕ್ಕಿತ್ತು" ಎಂದು ಮಾವಾರು ಉಸಿರು ಬಿಟ್ಟರು. "ಒಲಿ ಮುಚ್ಚಾಕ ಹೋದ್ರ ಬಿಸಿಗಾಳಿ ಮುಖಕ್ಕ ಹೊಡೀತು, ಅಷ್ಟು ಏರಿತ್ತು ಶಾಖ. ಹುಲುಗಪ್ಪಾ, ನಮ್ ಸುಮಾ ಫೋನಿನ್ಯಾಗ ಟೈಮಿಗೆ ಸರಿಯಾಗಿ ಹೊಟ್ಟು ನಿಲ್ಸು ಅಂದ್ಳು ನೋಡು, ಅದಕ್ಕ ಬಚಾವ್ ಆದ್ವಿ. ಓದಿದ ಹುಡಿಗಿ ಅಂದ್ರ ಹಿಂಗಿರಬೇಕು!"

ಹುಲುಗಪ್ಪ ಎರಡೂ ಕೈ ಜೋಡಿಸಿದ. "ಮದುವಿಗೆ ಬರ್ಬೇಕ್ರಿ ಅಕ್ಕಾರ, ಮೊದಲ್ನೇ ಪಂಕ್ತಿಗೆ ನೀವ ಕುಂದರಬೇಕು" ಎಂದ. ಅವನ ಕಣ್ಣು ತುಂಬಿತ್ತು.

ನಾನು ಅತ್ತೆಯ ಕಡೆ ತಿರುಗಿದೆ. ಈಗ ಹೇಳುತ್ತಾರೆ, ಇವಳು ಹೇಳಿದ್ದು ಏನೂ ಮುಟ್ಟಬೇಡಿ ಅಂತ, ನಿಲ್ಲಿಸು ಅಂದವಳು ನಾನು ಅಂತ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೌದಪಾ, ಆಕೀನ ಅಂದ್ಳು. ನಾನೇನು, ಆಕಿ ಹೇಳಿದ್ದನ್ನ ಹಂಗಂಗ ನಿನಗ ಮುಟ್ಟಿಸ್ದೆ" ಎಂದರು.

ಬೆಳಗಿನಿಂದ ಒಂದಕ್ಷರ ಬದಲಾಯಿಸಬಾರದೆಂದು ಮನೆ ಹಾರಿಹೋಗುವಂತೆ ಕೂಗಾಡಿದವಳು ನಾನು. ಮಾವಾರು ಇನ್ನೂ ಹೊಗಳುತ್ತಲೇ ಇದ್ದರು. ನಾನು ಬಗ್ಗಿ ಬೋರ್ಡಿನ ಸ್ಕ್ರೂ ಬಿಗಿಮಾಡುತ್ತಾ, ಅತ್ತೆ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಇರಗೊಟ್ಟೆ.