ನೀಲಕ್ಕನ ಗದ್ದದ ಸಂರಕ್ಷಣೆ

ನಮಗೆ ಸಾಂಸ್ಕೃತಿಕ ಅಸ್ಮಿತೆ ಇದೆ ಎಂದು ವಾಯವ್ಯ ಸಿಡ್ನಿ ಕರುನಾಡ ಪರಿಷತ್ತು ೨೦೦೭ರ ಮಾರ್ಚ್‌ನಲ್ಲಿ ಸರ್ವಾನುಮತದಿಂದ ನಿರ್ಣಯಿಸಿತು. ಅದು ಎಲ್ಲಿದೆ ಎಂದು ಪತ್ತೆ ಮಾಡಲು ಸಂಶೋಧನಾ ಉಪಸಮಿತಿಯೊಂದನ್ನು ರಚಿಸಲಾಯಿತು. ನಮಗೆ ಸಿಗಬಹುದಾಗಿದ್ದ ಅನುದಾನವು ಬೇರೆ ಸಮುದಾಯದ ಸಂಪ್ರದಾಯವನ್ನು ಅಧ್ಯಯನ ಮಾಡುವವರಿಗೆ ಮೀಸಲಾಗಿದ್ದರಿಂದ, ನಮ್ಮ ಅಸ್ಮಿತೆಯನ್ನು ಮಾವೋರಿ ಜನರ ಹಚ್ಚೆಯಲ್ಲಿ ಹುಡುಕತಕ್ಕದ್ದು ಎಂದು ತೀರ್ಮಾನವಾಯಿತು. ಮಾವೋರಿಗಳು ನ್ಯೂಜಿಲೆಂಡಿನ ಮೂಲನಿವಾಸಿಗಳು ಎಂದು ಸಭೆಗೆ ತಿಳಿಸಿದವನು ಕಾರ್ಯದರ್ಶಿ ಚಕ್ರಪಾಣಿ, ಅಂದರೆ ನಾನೇ. ಅರ್ಧ ಜನಕ್ಕೆ ಗೊತ್ತಿರಲಿಲ್ಲ ಬಿಡಿ. ಉಳಿದರ್ಧ ಜನ ರಗ್ಬಿ ಪಂದ್ಯಕ್ಕೆ ಮುಂಚೆ ಅವರ ಕುಣಿತ ನೋಡಿದ್ದರು.

ಉಪಸಮಿತಿಗೆ ಸಿಡ್ನಿಯ ರೌಸ್ ಹಿಲ್ ಬಡಾವಣೆಯ ಶ್ರೀನಾಥ್ ಅಧ್ಯಕ್ಷರಾದರು. ವೃತ್ತಿಯಿಂದ ಐಟಿ, ಪ್ರವೃತ್ತಿಯಿಂದ ಅಧ್ಯಕ್ಷ. ಅವರ ತಾಯಿ ನೀಲಕ್ಕ ತುಮಕೂರು ಕಡೆಯವರು, ಮಗನ ಮನೆಯಲ್ಲೇ ಇದ್ದಾರೆ. ನೀಲಕ್ಕನ ಗದ್ದದ ಮೇಲೆ ಹಸಿರು ಹಚ್ಚೆ: ನಡುವೆ ಮೂರು ಚುಕ್ಕಿ, ಆ ಕಡೆ ಈ ಕಡೆ ಒಂದೊಂದು ಎಲೆ. ಗೃಹಪ್ರವೇಶದ ದಿನ ಪಕ್ಕದ ಮನೆಯ ಬಿಳಿ ಹೆಂಗಸು, ಗದ್ದಕ್ಕೆ ಏನೋ ಮೆತ್ತಿಕೊಂಡಿದೆ ಅಂದುಕೊಂಡು, ಟಿಶ್ಯೂ ಕೊಟ್ಟಿದ್ದಳು. ನೀಲಕ್ಕ ಅದರಲ್ಲಿ ಕೈ ಒರೆಸಿಕೊಂಡು ಥ್ಯಾಂಕ್ಯೂ ಅಂದರು. ಶ್ರೀನಾಥ್‌ಗೆ ಮಾತ್ರ ಮಾನ ಹರಾಜಾದಂತಾಯಿತು. ಆ ವಾರವೇ ಲೇಸರ್ ಕ್ಲಿನಿಕ್‌ನಲ್ಲಿ ಅಮ್ಮನ ಗದ್ದವನ್ನು ಬುಕ್ ಮಾಡಿದರು.

"ಬ್ಯಾಡ ಕಣಪ್ಪಾ," ಅಂದರು ನೀಲಕ್ಕ. "ಸತ್ ಮ್ಯಾಲೆ ಜೊತೇಲಿ ಬರೋ ಒಡವೆ ಅಂದ್ರೆ ಇದೊಂದೇಯ. ನಮ್ಮವ್ವನಿಗೂ ಇಂಥದ್ದೇ ಇತ್ತು. ಇದು ಹೋದ್ರೆ ಅಲ್ಲಿ ಅವಳು ನನ್ನ ಹೆಂಗೆ ಗುರ್ತು ಹಿಡಿದಾಳು?"

"ಅಮ್ಮಾ, ಪ್ಲೀಸ್. ನೋವೇ ಆಗಲ್ಲ," ಅಂದರು ಶ್ರೀನಾಥ್.

ಹಚ್ಚೆ ತೆಗೆಸುವುದು ಕೌಟುಂಬಿಕ ವಿಷಯ, ಹಚ್ಚೆ ಸಂಶೋಧನೆ ಸಾರ್ವಜನಿಕ ವಿಷಯ. ಎರಡನ್ನೂ ಒಂದೇ ಸಭೆಯಲ್ಲಿ ಚರ್ಚಿಸಲು ನಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲ.

ಕ್ಷೇತ್ರಕಾರ್ಯಕ್ಕೆಂದು ನಾನೂ ಶ್ರೀನಾಥರೂ ಮೆಲ್ಬರ್ನ್‌ಗೆ ಹೋದೆವು. ಬಾಕ್ಸ್ ಹಿಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಅರೋಹಾ ಎಂಬ ಮಾವೋರಿ ಮಹಿಳೆ ಇದ್ದರು. ತಮ್ಮ ಜನಕ್ಕೆ ಹಚ್ಚೆ ಹಾಕುವವರು. ಅವರ ಗದ್ದದ ಮೇಲೂ ತುಟಿಯಿಂದ ಇಳಿದುಬಂದ ಸುರುಳಿ ಸುರುಳಿ ಹಚ್ಚೆ. ಟೀ ಕೊಟ್ಟು ಕೂರಿಸಿ, "ನೀವು ಯಾರ ಮಕ್ಕಳು?" ಎಂದು ಕೇಳಿದರು. ಶ್ರೀನಾಥ್ ವಿಸಿಟಿಂಗ್ ಕಾರ್ಡ್ ಕೊಟ್ಟರು. ಆಕೆ ಎರಡೂ ಬದಿ ತಿರುಗಿಸಿ ನೋಡಿ, "ಇದರಲ್ಲಿ ನಿಮ್ಮ ಅಮ್ಮ ಇಲ್ಲವಲ್ಲ," ಅಂದರು.

ಶ್ರೀನಾಥ್ ನೇರ ವಿಷಯಕ್ಕೆ ಬಂದರು. ಆಕೆಯ ಗದ್ದದ ವಿನ್ಯಾಸವನ್ನು ಸಿಡಿಯಲ್ಲಿ ಹಾಕಿಕೊಟ್ಟರೆ ಪರಿಷತ್ತು ಕೃತಜ್ಞವಾಗಿರುತ್ತದೆ ಎಂದರು.

"ಇದು ನನ್ನ ಅಜ್ಜಿ ಮುತ್ತಜ್ಜಿಯರ ಕಥೆ," ಅಂದರು ಅರೋಹಾ. "ನನ್ನ ಮುಖದ ಮೇಲಿದೆ ಅಂತ ನಾನು ಹಂಚೋಕಾಗಲ್ಲ. ನಿಮ್ಮವರಲ್ಲಿ ಹಚ್ಚೆ ಇಲ್ವಾ?"

"ಇತ್ತು. ಸಂಪೂರ್ಣ ನಶಿಸಿಹೋಗಿದೆ," ಎಂದು ಶ್ರೀನಾಥ್ ಗದ್ಗದಿತರಾದರು.

"ಇವರಮ್ಮನ ಗದ್ದದ ಮೇಲೇ ಇದೆಯಲ್ಲ," ಅಂತ ನಾನು ಬಾಯಿಬಿಟ್ಟುಬಿಟ್ಟೆ. ಟೇಬಲ್ ಕೆಳಗೆ ಶ್ರೀನಾಥ್ ನನ್ನ ಕಾಲು ತುಳಿದರು, ಅದೂ ಶೂ ಹಾಕಿಕೊಂಡು.

ಮುಂದಿನ ಶನಿವಾರ ಅರೋಹಾ ಸ್ವಂತ ಖರ್ಚಿನಲ್ಲಿ ರೌಸ್ ಹಿಲ್‌ನ ಶ್ರೀನಾಥರ ಮನೆಗೆ ಬಂದಿಳಿದರು. ಪರಿಷತ್ತಿನ ಪದಾಧಿಕಾರಿಗಳೆಲ್ಲ ಲೌಂಜಿನಲ್ಲಿ ಹೂಗುಚ್ಛ ಹಿಡಿದು ನಿಂತಿದ್ದರೆ, ಆಕೆ ನೆಟ್ಟಗೆ ಅಡುಗೆಮನೆಗೆ ಹೋಗಿ ನೀಲಕ್ಕನ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ನಿಂತರು. ಅದು ಅವರಲ್ಲಿ ನಮಸ್ಕಾರ. ನೀಲಕ್ಕ ಹಿಟ್ಟಿನ ಕೈಯಲ್ಲೇ ಆಕೆಯ ಗದ್ದ ಹಿಡಿದು, "ನಿಂಗೂ ನೋವಾಯ್ತೇನವ್ವಾ?" ಅಂದರು.

ಮೊಮ್ಮಗಳು ಕೃಪಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ದಿನ ಪಾಪ, ಎರಡೂ ಕಡೆ ದುಭಾಷಿಯಾಗಬೇಕಾಯಿತು. "ಆಂಟಿಗೂ ಪೇನ್ ಆಯ್ತಂತೆ ಅಜ್ಜಿ. ಅವ್ರ ಆಂಟಿಗಳೆಲ್ಲಾ ಹಾಡ್ತಾ ಇದ್ರಂತೆ, ಸೋ ಅಳ್ಲಿಲ್ವಂತೆ."

"ನನಗೂ ಕೊರವಂಜಿ ಹಾಡು ಹೇಳ್ಕೊಂಡೇ ಚುಚ್ಚಿದ್ಲು ಕಣೆ. ನಾನು ಅತ್ತೆ. ಹಾಡು ಕೇಳ್ದಷ್ಟೂ ಅತ್ತೆ," ಎಂದು ನೀಲಕ್ಕ ಬಾಯ್ತುಂಬ ನಕ್ಕರು. ಆ ಮನೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಡುವಾಗ ಅರೋಹಾ ಶ್ರೀನಾಥರಿಗೆ ಹೇಳಿದ್ದು ಇಷ್ಟೇ: "ಇದನ್ನ ಉಳಿಸಿಕೊಳ್ಳಿ."

ಉಳಿಸಿಕೊಳ್ಳಲು ತುರ್ತು ಸಭೆ ಕರೆಯಲಾಯಿತು. ನೀಲಕ್ಕನ ಗದ್ದವನ್ನು ಪಾರಂಪರಿಕ ಸ್ಥಳವೆಂದು ಘೋಷಿಸಲಾಯಿತು. ಛಾಯಾಗ್ರಾಹಕರು ಬಂದು ಎಡದಿಂದ, ಬಲದಿಂದ, ಕೆಳಗಿನಿಂದ ತೆಗೆದು ಕಂಪ್ಯೂಟರಿಗೆ ಹಾಕಿದರು. ಮೂಲ ಮತ್ತು ನಕಲು ಎರಡೂ ಏಕಕಾಲದಲ್ಲಿ ಚಾಲ್ತಿಯಲ್ಲಿದ್ದರೆ ಮುಂದಿನ ಸಂಶೋಧಕರಿಗೆ ಗೊಂದಲವಾಗುವ ಸಂಭವವಿದೆ ಎಂದು ಶ್ರೀನಾಥ್ ಸಭೆಯ ಗಮನಕ್ಕೆ ತಂದರು. ಸಭೆ ಒಪ್ಪಿತು. ಲೇಸರ್ ಬುಕಿಂಗ್ ಹೇಗೂ ಇತ್ತು.

"ನಮ್ಮವ್ವ ಗುರ್ತು ಹಿಡಿಯಲ್ಲ ಕಣೋ," ಅಂದರು ನೀಲಕ್ಕ ಮತ್ತೆ.

"ಅಮ್ಮಾ, ಸಾಫ್ಟ್ ಕಾಪಿ ಇದೆ."

ಸಂರಕ್ಷಣೆ ಹಲವು ಸಿಟ್ಟಿಂಗ್‌ಗಳಲ್ಲಿ ನಡೆದು ಅಕ್ಟೋಬರ್‌ಗೆ ಮುಗಿಯಿತು. ಮೊದಲ ದಿನ ನೀಲಕ್ಕ ನರ್ಸನ್ನು, "ನಿಂಗೆ ಹಾಡು ಬರ್ತದೇನವ್ವಾ?" ಅಂತ ಕೇಳಿದರಂತೆ. ಆಕೆಗೆ ಭಾಷೆ ತಿಳಿಯಲಿಲ್ಲ. ಲೇಸರ್ ತಾಗದಂತೆ ನೀಲಕ್ಕನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಳಂತೆ. ಇದನ್ನು ನನಗೆ ಹೇಳಿದವಳು ಕೃಪಾ. ಅದನ್ನು ನಡಾವಳಿಯಲ್ಲಿ ದಾಖಲಿಸಲು ಕಲಂ ಇಲ್ಲ.

ನವೆಂಬರ್‌ನ ರಾಜ್ಯೋತ್ಸವದಲ್ಲಿ ಸಂಶೋಧನೆಯ ಫಲಿತಾಂಶ ಬಿಡುಗಡೆಯಾಯಿತು. ವೇದಿಕೆಯ ಹಿಂದೆ ಗೋಡೆಯಷ್ಟಗಲ ನೀಲಕ್ಕನ ಗದ್ದ. ತುಟಿಯಿಂದ ಮೇಲಕ್ಕೆ ಪ್ರಾಯೋಜಕರ ಹೆಸರುಗಳು. ಮೈಕಿನಲ್ಲಿ ನಾನೇ ಪ್ರಕಟಿಸಿದೆ: "ದಯವಿಟ್ಟು ಗಮನಿಸಿ. ಅಸ್ಮಿತೆಯ ಸ್ಟಿಕರ್‌ಗಳನ್ನು ಪ್ರವೇಶದ್ವಾರದಲ್ಲಿ ವಿತರಿಸಲಾಗುತ್ತಿದೆ. ಕುಟುಂಬಕ್ಕೆ ಮೂರು ಮಾತ್ರ. ಗದ್ದದ ಮೇಲಿಟ್ಟು, ಒದ್ದೆ ಬಟ್ಟೆಯಿಂದ ಒತ್ತಿ ಇಪ್ಪತ್ತು ಎಣಿಸತಕ್ಕದ್ದು. ಸೋಪು ಹಾಕಿದರೆ ಹೋಗುತ್ತದೆ, ಸೋಮವಾರ ಆಫೀಸಿಗೆ ತೊಂದರೆ ಇಲ್ಲ."

ಎಲ್ಲರ ಗದ್ದದ ಮೇಲೂ ಮೂರು ಚುಕ್ಕಿ, ಎರಡು ಎಲೆ. ಮುಖ್ಯ ಅತಿಥಿ ಅರೋಹಾ ನೀಲಕ್ಕನ ಬೋಳು ಗದ್ದ ನೋಡಿದರು, ಗೋಡೆ ನೋಡಿದರು, ನೀಲಕ್ಕನ ಹಣೆಗೆ ಹಣೆ ತಾಗಿಸಿ ಬಹಳ ಹೊತ್ತು ನಿಂತು, ಊಟ ಮಾಡದೆ ಹೊರಟುಹೋದರು. ಅನ್ಯ ಕಾರ್ಯಕ್ರಮವಿದ್ದುದರಿಂದ ಬೇಗ ತೆರಳಿದರು ಎಂದು ದಾಖಲಾಗಿದೆ.

ಶ್ರೀನಾಥರ ಪಾಲಿನ ಮೂರು ಸ್ಟಿಕರ್‌ಗಳಲ್ಲಿ ಒಂದು ಅವರಿಗೆ, ಒಂದು ಕೃಪಾಗೆ. ಇನ್ನೊಂದನ್ನು ಪಕ್ಕದ ಮನೆಯ ಬಿಳಿ ಹೆಂಗಸಿಗೆ ಕೊಟ್ಟರು. ಆಕೆ ಅಂಟಿಸಿಕೊಂಡು ಕನ್ನಡಿ ನೋಡಿ, "ಎಷ್ಟು ಚೆಂದ! ಇದನ್ನ ಯಾಕೆ ಮೊದಲೇ ತೋರಿಸಲಿಲ್ಲ?" ಅಂದಾಗ ಶ್ರೀನಾಥ್ ಹಿಗ್ಗಿ ಹೀರೇಕಾಯಿಯಾದರು.

ಕೃಪಾ ತನ್ನದನ್ನು ಅಂಟಿಸಿಕೊಂಡಿರಲಿಲ್ಲ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಸೆರಗಿನ ತುದಿಯನ್ನೇ ನೀರಲ್ಲಿ ಅದ್ದಿ ಒತ್ತಿ ಹಿಡಿದು, ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಿದಳು. ಹದಿನಾರರ ಹತ್ತಿರ ತಪ್ಪಿದಾಗ ನೀಲಕ್ಕ ಹೇಳಿಕೊಟ್ಟರು.

"ಅದೇ ಜಾಗದಲ್ಲಿ ಕೂತದೇನೆ?"

"ಸೇಮ್ ಪ್ಲೇಸ್, ಅಜ್ಜಿ."

ಅಂದಿನಿಂದ ನೀಲಕ್ಕ ಸೋಪು ಹಾಕಿ ಮುಖ ತೊಳೆಯುವುದಿಲ್ಲ. ಆದರೂ ಅದು ವಾರದಲ್ಲಿ ಸವೆದುಹೋಯಿತು. ಮೊನ್ನೆ ಅವರು ಪರಿಷತ್ತಿಗೆ ಒಂದೇ ಒಂದು ಬೇಡಿಕೆ ಇಟ್ಟರು: ತಾವು ಕಣ್ಣು ಮುಚ್ಚಿದ ದಿನ ಅಂಟಿಸಲು ಒಂದು ಸ್ಟಿಕರ್ ತೆಗೆದಿಡಬೇಕು. ಸಭೆ ಸರ್ವಾನುಮತದಿಂದ ಮಂಜೂರು ಮಾಡಿತು, ಶ್ರೀನಾಥರೇ ಅನುಮೋದಿಸಿದರು. ಅದು ಈಗ ನನ್ನ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕದಲ್ಲಿದೆ.

ಅದರ ಅಂಟು ೨೦೦೯ರ ಡಿಸೆಂಬರ್‌ವರೆಗೆ ಮಾತ್ರ ಹಿಡಿಯುತ್ತದೆ ಎಂದು ಪ್ಯಾಕೆಟ್ ಮೇಲೆ ಬರೆದಿದೆ. ನಿಯಮದಂತೆ ನೀಲಕ್ಕನಿಗೆ ತಿಳಿಸಲಾಯಿತು. "ಆಗ್ಲಿ ಬಿಡಪ್ಪಾ, ಅಷ್ಟ್ರೊಳಗೆ ಹೊರಡ್ತೀನಿ," ಅಂದರು. ಅವರ ಸಹಕಾರಕ್ಕಾಗಿ ಪರಿಷತ್ತು ಧನ್ಯವಾದ ಸಲ್ಲಿಸಿದೆ.