ಮಗಳ ಕಿವಿ, ನನ್ನ ಬಾಯಿ

ಬುದ್ಧಿ ಹೇಳುವ ಕೆಲಸ ಯಾರ ಕೈಗೆ ಸಿಗಬಾರದೋ ಅವರನ್ನೇ ಹುಡುಕಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ಬೆಟಗೇರಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಹದಿಹರೆಯದ ಮಕ್ಕಳಿಗೆ ಭಾನುವಾರದ ಪಾಠ ಹೇಳಲು ನಾನೇ ಬೇಕಾಗಿತ್ತೆ? ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಅರ್ಜಿ ಹಿಡಿದು ಬಂದವರು, ಧಾರವಾಡದವರೆಗೆ ಅಲೆಯುವುದು ತಪ್ಪಿತಲ್ಲ ಎಂದು ಹಿಗ್ಗುವಷ್ಟರಲ್ಲಿ ನನ್ನ ಮೇಜಿನ ಮುಂದೆ ಸಿಕ್ಕಿಬೀಳುತ್ತಿದ್ದರು. ಅರ್ಜಿಯ ಕೆಲಸ ಎರಡು ನಿಮಿಷದ್ದು, ನನ್ನ ಮಾತು ಅರ್ಧ ತಾಸಿನದು. ಲಕ್ಷ್ಮೇಶ್ವರದ ಹಿರಿಯರೊಬ್ಬರು ನನ್ನ ಮಾತಿನ ನಡುವೆ ಎದ್ದು ಹೋಗಿ ಚಹಾ ಕುಡಿದು ಬಂದರೂ ನನಗೆ ಗೊತ್ತಾಗಿರಲಿಲ್ಲ.

ನಮ್ಮ ಸಭಾಪಾಲಕರು ಒಂದು ದಿನ ಕರೆದು ಹೇಳಿದರು: "ಹುಡುಗ್ರ ಬಾಯಿ ಕೆಟ್ಟೈತ್ರಿ. ಮನ್ಯಾಗ ಎದುರುತ್ತರ, ಹೊರಗ ಬೈಗಳ, ಒಬ್ಬರ ಮ್ಯಾಲ ಒಬ್ಬರು ಚಾಡಿ. ದಿನಾ ಆಡೂ ಮಾತಿಗೆ ಪ್ರಾರ್ಥನಾ ಹೆಂಗ ಆಸರ ಆಗತೈತಿ ಅಂತ ಅವರಿಗೆ ಕಲಸ್ರಿ. ಮಾತಿನ ವಿಷಯ ನಿಮಗ ಬ್ಯಾರೆ ಹೇಳಬೇಕಾಗಿಲ್ಲ."

ಕೊನೆಯ ವಾಕ್ಯವನ್ನು ನಾನು ಹೊಗಳಿಕೆ ಎಂದುಕೊಂಡೆ.

ತಯಾರಿ ಏನೂ ಮಾಡಿಕೊಳ್ಳದೆ ಹೋದೆ. ಹನ್ನೆರಡು ಮಕ್ಕಳು ಜಮಖಾನೆಯ ಮೇಲೆ ಕೂತಿದ್ದರು. ಅವರಲ್ಲಿ ಒಬ್ಬಳು ನನ್ನ ಮಗಳು ಕರುಣಾ, ಒಂಬತ್ತನೆಯ ತರಗತಿ. ಬಾಯಿಗೆ ಬಂದದ್ದನ್ನು ಹೇಳಿದೆ: "ಉತ್ತರಾ ಕೊಡೂಕಿಂತ ಮೊದಲ ಮನಸಿನ್ಯಾಗ ಕೇಳ್ರಿ, ದೇವರೇ, ಈ ಮಾತು ಖರೆ ಐತೇನು? ಇದರಿಂದ ಯಾರಿಗರೆ ನೋವಾಗತೈತೇನು? ಆಮ್ಯಾಲೆ ಬಾಯಿ ತಗೀರಿ." ಎಸ್ತರ್ ಎಂಬ ಹುಡುಗಿ ಕೈ ಎತ್ತಿದಳು. "ಸರ್, ಬಸ್ ಬಂತು ಅಂತ ಒದರಾಕೂ ಪ್ರಾರ್ಥನಾ ಮಾಡಬೇಕೇನ್ರಿ? ಅಷ್ಟರಾಗ ಬಸ್ ಹೋಗೇ ಬಿಡ್ತೈತಲ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಉಂಡು ಮಲಗಿದೆ. ಏಳುವ ಹೊತ್ತಿಗೆ ಪಾಠ ಮರೆತುಹೋಗಿತ್ತು.

ಮರುದಿನದಿಂದ ಕರುಣಾಳಿಗೆ ಏನೋ ಆಯಿತು. "ಊಟ ಮಾಡಿದೇನು?" ಎಂದರೆ ತಟ್ಟನೆ "ಹೂಂ" ಎನ್ನುವಳು. "ನಿನ್ನ ಗೆಳತಿ ಯಾಕ ಬರೂದ ಬಿಟ್ಟಾಳ?" ಎಂದರೆ ಮಾತ್ರ ಸುಮ್ಮನೆ ನಿಲ್ಲುವಳು. ನಾನು ಮೂರು ಸಲ, ಪ್ರತಿಸಲವೂ ಇನ್ನಷ್ಟು ಜೋರಾಗಿ ಕೇಳಬೇಕು. ಕೊನೆಗೊಮ್ಮೆ ಮೆಲ್ಲಗೆ, "ಅದನ್ನ ಆಕಿನ ಹೇಳಿದ್ರ ಚಲೋ ಅಪ್ಪಾ" ಎನ್ನುವಳು. ಅವಳ ಅವ್ವ ಸುಮತಿ ಬೈದರೂ ಇದೇ ಕಥೆ. ಮೊದಲಾಗಿದ್ದರೆ ಒಂದಕ್ಕೆ ನಾಲ್ಕು ಹೇಳುತ್ತಿದ್ದ ಹುಡುಗಿ! ಇದು ಕಿವಿಯ ದೋಷವೇ ಎಂದು ತೀರ್ಮಾನಿಸಿ ಗದಗಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡುವಷ್ಟು ಹೊತ್ತೂ ನಾನು ರೋಗದ ಇತಿಹಾಸ ಹೇಳಿದೆ. ಡಾಕ್ಟರು ಟಾರ್ಚ್ ಆರಿಸಿ, "ಕಿವಿ ಎರಡೂ ಚಲೋ ಅದಾವ. ನಿಮ್ಮ ಮನ್ಯಾಗ ಇದ್ದೂ ಹಿಂಗ ಉಳದಾವಲ್ಲ, ಅದ ದೊಡ್ಡದು" ಎಂದರು.

ಬಸ್ಸಿನಲ್ಲಿ ಬೆಟಗೇರಿಗೆ ಮರಳುವಾಗ ಕೇಳಿದೆ, "ಮತ್ಯಾಕ ಸುಮ್ಮನ ನಿಂದರ್ತಿ?"

"ಪ್ರಾರ್ಥನಾ ಮಾಡತೀನಪ್ಪಾ. ನೀವ ಹೇಳಿದ್ರಲ್ಲ."

ನಾನು ಹೇಳಿದ ಮಾತನ್ನು ನಂಬಿ ಯಾರಾದರೂ ಹಾಗೆಯೇ ನಡೆದುಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹೆಮ್ಮೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಈ ನಡುವೆ ನನ್ನ ಹೊಸ ಪ್ಯಾಂಟಿನ ಪ್ರಕರಣ ನಡೆದಿತ್ತು. ನಾನು ಕೊಟ್ಟ ಬಟ್ಟೆಯಲ್ಲಿ ನಮ್ಮ ಓಣಿಯ ಟೇಲರ್ ಮೌಲಾಸಾಬರು ಹೊಲಿದ ಪ್ಯಾಂಟು ಸೊಂಟಕ್ಕೆ ಬಿಗಿಯಾಯಿತು. ಹೊಟ್ಟೆ ಬಂದದ್ದನ್ನು ಒಪ್ಪಿಕೊಳ್ಳುವ ಬದಲು ಕಚೇರಿಯೆದುರಿನ ಚಹಾದಂಗಡಿಯಲ್ಲಿ, "ಮೌಲಾಸಾಬ ಅರಿವಿ ಹೊಡದಾನ. ಉಳಿದದ್ದರಾಗ ತನ್ನ ಮೊಮ್ಮಗಗ ಚಡ್ಡಿ ಹೊಲದಾನ" ಎಂದೆ. ಜನ ನಕ್ಕರು. ನಕ್ಕರೆಂದು ಭಾನುವಾರ ಸಭೆಯ ಬಾಗಿಲಲ್ಲೂ ಹೇಳಿದೆ. ಪಕ್ಕದಲ್ಲಿದ್ದ ಕರುಣಾ ನನ್ನ ಅಂಗಿಯ ತೋಳು ಜಗ್ಗಿದಳು, "ಅಪ್ಪಾ, ಆ ಅರಿವಿ..." ಎಂದಳು. ನಾನು ಕೈ ಕೊಡವಿಕೊಂಡು ಕಥೆ ಮುಗಿಸಿದೆ. ಅದಾದ ಮೇಲೆ ನಮ್ಮ ಕಚೇರಿಯ ಇಬ್ಬರು ಮೌಲಾಸಾಬರ ಅಂಗಡಿಯಿಂದ ತಮ್ಮ ಬಟ್ಟೆಯನ್ನು ಹೊಲಿಯುವ ಮೊದಲೇ ವಾಪಸು ಒಯ್ದರು.

ಒಂದು ಸಂಜೆ ಮೌಲಾಸಾಬರು ಮನೆಗೆ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೆಯೇ ಇತ್ತು. ಅವರ ದನಿ ಕೇಳಿದ ಕೂಡಲೇ ನಾನು ಒಳಕೋಣೆಯ ಬಾಗಿಲ ಹಿಂದೆ ನಿಂತೆ. ಕರುಣಾ ಹೊರಗೆ ಹೋದಳು.

"ಬೇಟಾ, ನೀ ಸುಳ್ಳ ಹೇಳೂಕಿ ಅಲ್ಲ" ಎಂದರು ಅವರು. "ನಿಮ್ಮಪ್ಪ ನನಗ ಕಳ್ಳ ಅಂದಾನೇನು?"

ಅವಳು ಕಣ್ಣು ಮುಚ್ಚಿದಳು. ಬಾಗಿಲ ಸಂದಿಯಿಂದ ಅವಳ ತುಟಿ ಅಲುಗುವುದು ಕಂಡಿತು. ನಾನೂ ದೇವರನ್ನು ಬೇಡಿದೆ: ಇಲ್ಲ ಅಂತ ಅನ್ನಿಸಪ್ಪಾ, ಇದೊಂದು ಸಲ! ಒಂದೇ ಗಳಿಗೆಯಲ್ಲಿ, ಒಂದೇ ದೇವರಿಗೆ, ಒಂದೇ ಮನೆಯಿಂದ ಎರಡು ಪ್ರಾರ್ಥನೆಗಳು ಹೋದವು. ಯಾವುದು ತಲುಪಿತೆಂದು ಮರುಕ್ಷಣವೇ ತಿಳಿಯಿತು.

"ಹೌದ್ರಿ ಚಾಚಾ, ಅಂದಾರ" ಎಂದಳು. "ಆದ್ರ ಅದು ಖರೆ ಅಲ್ರಿ. ಉಳಿದ ಅರಿವಿ ನೀವು ನನ್ನ ಕೈಯಾಗ ಕೊಟ್ಟ ಕಳಿಸಿದ್ರಿ. ಅವ್ವ ಅದರಾಗ ಚೀಲ ಹೊಲದಾಳ. ಅಪ್ಪಗ ಅದು ಗೊತ್ತಿಲ್ಲ. ನಾ ಜೋರ ಮಾಡಿ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಕುಂಡ್ರಿ, ಅಪ್ಪನ್ನ ಕರೀತೀನಿ."

ನಾನು ದಿನವೂ ಬುತ್ತಿ ಹಾಕಿಕೊಂಡು ಕಚೇರಿಗೆ ಒಯ್ಯುತ್ತಿದ್ದ ಚೀಲ ಅದು! ಬಣ್ಣ ಪ್ಯಾಂಟಿನದೇ ಎಂಬುದು ಊರಿಗೆಲ್ಲ ಕಾಣುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ಆದರೆ ಆಗ ಮೈ ಜುಮ್ಮೆಂದದ್ದು ಚೀಲದಿಂದಲ್ಲ. ಸುಳ್ಳು ಹೇಳದೆ, ನನ್ನನ್ನು ಹರಾಜಿಗಿಡದೆ, ಎದುರಿಗಿದ್ದವರ ಮಾನ ಅವರಿಗೆ ಮರಳಿಸಿ, ನನ್ನ ತಪ್ಪಿನಲ್ಲಿ ಒಂದು ಪಾಲನ್ನು ತಾನು ಹೊತ್ತುಕೊಂಡ ಆ ನಾಲ್ಕು ಮಾತು ಹದಿನಾಲ್ಕು ವರ್ಷದ ಹುಡುಗಿಗೆ ಎಲ್ಲಿಂದ ಬಂದವು? ನಾನಂತೂ ಕಲಿಸಿರಲಿಲ್ಲ. ಯಾರ ಮಾತೋ ಕೇಳಿಸಿಕೊಂಡು ಬಂದವಳ ಹಾಗಿತ್ತು ಅವಳ ಮುಖ. ನನ್ನದೇ ಮನೆಯಲ್ಲಿ ಚಪ್ಪಲಿ ಕಳಚಿ ನಿಲ್ಲಬೇಕೆನ್ನಿಸಿತು.

ಹೊರಗೆ ಬಂದೆ. "ತಪ್ಪಾತು ಮೌಲಾಸಾಬ್ರ" ಎಂದೆ. ಅಷ್ಟು ಚಿಕ್ಕ ಮಾತನ್ನು ನಾನು ಹಿಂದೆಂದೂ ಆಡಿರಲಿಲ್ಲ.

ಅವರು ಕಣ್ಣೊರೆಸಿಕೊಂಡರು. "ನನ್ನ ಮುಂದ ಹೇಳಿದ್ರ ಏನ್ ಬಂತು? ಎಲ್ಲೆಲ್ಲಿ ಅಂದೀರಿ, ಅಲ್ಲಲ್ಲೇ ಹೇಳ್ರಿ."

ಹೇಳಿದೆ. ಚಹಾದಂಗಡಿಯಲ್ಲಿ ಚೀಲ ಎತ್ತಿ ಹಿಡಿದು ಹೇಳಿದೆ, ಸಭೆಯ ಬಾಗಿಲಲ್ಲಿ ಹೇಳಿದೆ. ಈ ಸಲವೂ ಜನ ನಕ್ಕರು, ಮೊದಲಿಗಿಂತ ಹೆಚ್ಚೇ. ಕಚೇರಿಯ ಆ ಇಬ್ಬರೂ ಮುಖ ಕೆಳಗೆ ಹಾಕಿಕೊಂಡು ಬಟ್ಟೆಯನ್ನು ಮತ್ತೆ ಮೌಲಾಸಾಬರಿಗೇ ಕೊಟ್ಟರು. ಕ್ರಿಸ್ಮಸ್‌ಗೆ ಕರುಣಾಳ ಲಂಗ ಹೊಲಿದವರೂ ಅವರೇ.

ಈಗ ಭಾನುವಾರದ ಪಾಠವನ್ನು ಸಭಾಪಾಲಕರೇ ಹೇಳುತ್ತಾರೆ. ನಾನು ಮಕ್ಕಳ ಜೊತೆ ಜಮಖಾನೆಯ ಮೇಲೆ ಕೂರುತ್ತೇನೆ. ಮಾತಿಗೆ ಮೊದಲು ಪ್ರಾರ್ಥಿಸುವ ಅಭ್ಯಾಸವೂ ತಕ್ಕಮಟ್ಟಿಗೆ ಆಗಿದೆ. ತೊಂದರೆ ಒಂದೇ: ಪ್ರಾರ್ಥನೆ ಬಹಳ ಉದ್ದವಾಗುತ್ತದೆ. ಮೊನ್ನೆ, ಪಲ್ಯ ಹೆಂಗಾಗೇತಿ ಎಂದು ಸುಮತಿ ಕೇಳಿದಳು. ನಾನು ಕಣ್ಣು ಮುಚ್ಚಿದೆ. ಅವಳು ರೊಟ್ಟಿ ಬಡಿದು ಮುಗಿಸಿದರೂ ನಾನು ಕಣ್ಣು ತೆರೆದಿರಲಿಲ್ಲ.

"ಸಾಕ್ ಬಿಡ್ರಿ" ಎಂದಳು. "ದೇವರಿಗೂ ಒಂದೀಟು ಮಾತಾಡಾಕ ಬಿಡ್ರಿ."